ಖಳನಾಯಕರ ಕಟ್ಟೆ: ಮುಖವಾಡದೊಳಗಿದ್ದ ಪ್ಲೇಬಾಯ್

ಮೊದಲೇ ಹೇಳಿಬಿಡ್ತೀನಿ, ನಾನು ಹೀರೋ ಪಾರ್ಟಿ ಅಲ್ಲ. ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಕೂರುತ್ತಿದ್ದ ಕಾಲದಿಂದಲೂ ನನ್ನ ಶಿಳ್ಳೆ ವಿಲನ್ನಿಗೇ ಮೀಸಲು. ವಜ್ರಮುನಿ ಪರದೆ ತುಂಬ ನಿಂತು ಕಣ್ಣು ಅರಳಿಸಿದರೆ ಪಕ್ಕದಲ್ಲಿ ಕೂತವನು ಹಲ್ಲು ಕಡಿದು ಬಯ್ಯುತ್ತಿದ್ದ. ನಾನು ಮಾತ್ರ 'ಆಹಾ!' ಅಂತ ಚಪ್ಪಾಳೆ. ಇದೇ ಕಾರಣಕ್ಕೆ ಎಷ್ಟೋ ಸಲ ಥಿಯೇಟರಿನಲ್ಲಿ ಏಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿದೆ. ಈ ಕಟ್ಟೆಗೆ ವಾರವಾರ ಬಂದು ಕೂರುವ ನಿಮಗೆ ಇದೆಲ್ಲ ಗೊತ್ತಿದ್ದದ್ದೇ.

ಈ ವಾರ ಕಟ್ಟೆಗೆ ಬಂದಿರುವ ಅತಿಥಿ ಸಿನಿಮಾದವನಲ್ಲ, ಕುಸ್ತಿಯವನು. ಅದೂ ನಮ್ಮ ಗರಡಿಮನೆಯ ಕೆಂಪು ಮಣ್ಣಿನ ಕುಸ್ತಿಯಲ್ಲ. ನಾಲ್ಕು ಕಂಬ, ಮೂರು ಹಗ್ಗದ ಅಮೆರಿಕದ ಕುಸ್ತಿ. ಹೆಸರು ಬಡ್ಡಿ ರೋಸ್. ನಗಬೇಡಿ ಸ್ವಾಮಿ, ಸಾಲದ ಮೇಲೆ ಕಟ್ಟುವ ಬಡ್ಡಿಯಲ್ಲ. ಅವರ ಕಡೆ ಬಡ್ಡಿ ಅಂದರೆ ದೋಸ್ತ್. ಸಾಲದು ಅಂತ ಹೆಸರಿನ ಮುಂದೆ ಒಂದು ಬಾಲ ಬೇರೆ: 'ಪ್ಲೇಬಾಯ್'! ಅಪ್ಪ ಅಮ್ಮ ಇಟ್ಟ ಹೆಸರು ಪಾಲ್ ಪರ್ಶ್‌ಮನ್. ಹುಟ್ಟಿದ್ದು 1952ರಲ್ಲಿ.

'ಯಾರ್ರೀ ಅವನು? ಹಲ್ಕ್ ಹೋಗನ್ ಗೊತ್ತು, ಅಂಡರ್‌ಟೇಕರ್ ಗೊತ್ತು, ಇವನ್ಯಾರು?' ಅಂತ ನೀವು ಕೇಳೋದು ನನಗೆ ಇಲ್ಲಿಗೇ ಕೇಳಿಸ್ತಾ ಇದೆ. ಕೇಳಿ, ಕೇಳಿ. ನಾನೂ ಕೇಳಿದವನೇ. ಕೇಳಿದ್ದಷ್ಟೇ ಅಲ್ಲ, ನಕ್ಕವನು. ಈ ವಾರದ ಬರಹ ಆ ನಗುವಿಗೆ ನಾನು ಕಟ್ಟುತ್ತಿರುವ ದಂಡ ಅಂತಲೇ ತಿಳಿಯಿರಿ.

ಆದದ್ದು ಹೀಗೆ. ಕುಸ್ತಿ ಹುಚ್ಚಿನ ಗೆಳೆಯನೊಬ್ಬ ಒಂದು ದಿನ ಹಳೆಯ ತುಣುಕೊಂದನ್ನು ತೋರಿಸಿದ. 1990ರದ್ದು. ಡಬ್ಲ್ಯು.ಡಬ್ಲ್ಯು.ಎಫ್. ಕಂಪನಿ ತಮಾಷೆಗೆ ಮಾಡಿದ ಜಾಹೀರಾತು. ಹೊಟ್ಟೆ ಜೋತುಬಿದ್ದ, ಕೂದಲಿಗೆ ಹಳದಿ ಬಣ್ಣ ಬಳಿದುಕೊಂಡ ಒಬ್ಬ ದಪ್ಪ ಮನುಷ್ಯ ಬರ್ತಾನೆ. 'ಬ್ಲೋ ಅವೇ' ಅಂತ ಒಂದು ಪುಡಿ. ಅದನ್ನು ಮೈಗೆಲ್ಲ ಉದುರಿಸಿಕೊಂಡು ಫ್ಯಾನಿನ ಮುಂದೆ ನಿಂತರೆ ಸಾಕು, ಗಾಳಿಯ ಜೊತೆ ಕೊಬ್ಬೆಲ್ಲ ಹಾರಿಹೋಗುತ್ತಂತೆ! ನೋಡಿದರೆ ಹೊಟ್ಟೆ ಇದ್ದಲ್ಲೇ ಇದೆ. ಅವನು ಮಾತ್ರ ಏಳು ಲೋಕದ ಸುಂದರ ತಾನೇ ಅನ್ನೋ ಹಾಗೆ ಬೀಗ್ತಾನೆ. ನಾನು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ. 'ಯಾರೋ ಕಾಮಿಡಿ ಪಾರ್ಟು, ನರಸಿಂಹರಾಜು ಥರ' ಅಂದೆ.

ಗೆಳೆಯ ನಗಲಿಲ್ಲ. 'ಹತ್ತು ವರ್ಷ ಹಿಂದಕ್ಕೆ ಹೋಗಿ ಇವನನ್ನು ನೋಡು, ಆಮೇಲೆ ಮಾತಾಡು' ಅಂದ. ಪೋರ್ಟ್‌ಲ್ಯಾಂಡ್ ಅನ್ನೋ ಊರಿನ ಒಂದು ಹಳೆಯ ಟೇಪು ಹಾಕಿಕೊಟ್ಟ. ಅರ್ಧ ಗಂಟೆ ನೋಡಿ ಏಳೋಣ ಅಂತ ಕೂತವನು ರಾತ್ರಿ ಎರಡು ಗಂಟೆಗೆ ಎದ್ದೆ.

ಆ ಟೇಪಿನಲ್ಲಿ ಏನಿತ್ತು ಅಂತ ಹೇಳುವ ಮೊದಲು ಆಗಿನ ಕಾಲದ ವ್ಯವಹಾರ ಸ್ವಲ್ಪ ತಿಳಿಯಬೇಕು. ಈಗಿನ ಹಾಗೆ ಅಮೆರಿಕದ ಕುಸ್ತಿಗೆಲ್ಲ ಒಬ್ಬನೇ ದೊರೆ ಆಗ ಇರಲಿಲ್ಲ. ನಮ್ಮ ಚಿತ್ರ ಹಂಚಿಕೆದಾರರು ಬಿ.ಕೆ.ಟಿ. ಏರಿಯಾ ನಿಮಗೆ, ಮೈಸೂರು ಏರಿಯಾ ಇವರಿಗೆ, ಹುಬ್ಬಳ್ಳಿ ಕಡೆ ಅವರಿಗೆ ಅಂತ ಹಂಚಿಕೊಳ್ಳಲಿಲ್ಲವೇ? ಥೇಟ್ ಹಾಗೇ. 1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಅನ್ನೋ ಊರಿನಲ್ಲಿ ಕೆಲವು ಮಾಲೀಕರು ಸೇರಿ 'ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್' ಅಂತ ಕೂಟ ಕಟ್ಟಿದರು. ನಿನ್ನ ಏರಿಯಾಕ್ಕೆ ನಾನು ಕೈ ಹಾಕಲ್ಲ, ನನ್ನದಕ್ಕೆ ನೀನು ಹಾಕಬೇಡ. ಇದನ್ನೇ ಅವರು 'ಟೆರಿಟರಿ' ಅನ್ನುತ್ತಿದ್ದದ್ದು.

ಇನ್ನು ಕುಸ್ತಿಪಟುಗಳದ್ದು ನಮ್ಮ ಕಂಪನಿ ನಾಟಕದವರ ಬಾಳು. ಒಂದು ಏರಿಯಾದಲ್ಲಿ ಕ್ಯಾಂಪು ಹಾಕು, ಜನ ಮುಖ ನೋಡಿ ನೋಡಿ ಬೇಸತ್ತ ದಿನ ಪೆಟ್ಟಿಗೆ ಕಟ್ಟು, ಮುಂದಿನ ಏರಿಯಾಕ್ಕೆ ಹೊರಡು. ವಿಲನ್ನಿಗಂತೂ ಇದೇ ಹಣೆಬರಹ. ಅವರ ಭಾಷೆಯಲ್ಲಿ ವಿಲನ್ನಿಗೆ 'ಹೀಲ್' ಅಂತಾರೆ, ಅಂದರೆ ಹಿಮ್ಮಡಿ. ಹೀರೋಗೆ 'ಬೇಬಿಫೇಸ್', ಮಗುವಿನ ಮುಖ. ಹಿಮ್ಮಡಿಯವನು ಊರಿಗೆ ಬರ್ತಾನೆ, ಊರ ಮುದ್ದಿನ ಮಗನನ್ನು ಮೋಸದಿಂದ ಬಡೀತಾನೆ, ಕೊನೆಗೆ ಒದೆ ತಿಂದು ಬಸ್ಸು ಹತ್ತುತ್ತಾನೆ. ಕೆಲವು ತಿಂಗಳ ಆಟ. ಮುಂದಿನ ಊರಿನಲ್ಲಿ ಅವನ ಒದೆಯ ಸುದ್ದಿ ಯಾರಿಗೂ ಗೊತ್ತಿರೋದಿಲ್ಲ. ಅಲ್ಲಿನ ಟೀವಿ ಬೇರೆ, ಇಲ್ಲಿನ ಟೀವಿ ಬೇರೆ.

ಬಡ್ಡಿ ರೋಸ್ ಕಸುಬು ಕಲಿತದ್ದು ವರ್ನ್ ಗ್ಯಾನ್ಯ, ಬಿಲ್ಲಿ ರಾಬಿನ್ಸನ್ ಅನ್ನೋ ಇಬ್ಬರು ಉಸ್ತಾದರ ಕೈಕೆಳಗೆ. ಇಬ್ಬರೂ ನಿಜವಾದ ಕುಸ್ತಿ ಬಲ್ಲವರು. ಶಿಷ್ಯರನ್ನು ಅರೆದು ಚಟ್ನಿ ಮಾಡುತ್ತಿದ್ದರು. 1973ರಲ್ಲಿ ಅಖಾಡಕ್ಕೆ ಇಳಿದ ಹುಡುಗ 1976ರಲ್ಲಿ ಪೋರ್ಟ್‌ಲ್ಯಾಂಡಿಗೆ ಬಂದ.

ಅಮೆರಿಕದ ನಕ್ಷೆಯಲ್ಲಿ ಎಡಗಡೆ ಮೇಲ್ತುದಿ ನೋಡಿ. ಒರೆಗಾನ್, ವಾಷಿಂಗ್ಟನ್ ರಾಜ್ಯಗಳು. ಅಲ್ಲಿನ ಕುಸ್ತಿಯ ಯಜಮಾನ ಡಾನ್ ಓವೆನ್. ಅಪ್ಪ ಹರ್ಬ್ ಓವೆನ್ 1925ರಲ್ಲಿ ಶುರುಮಾಡಿದ ಅಂಗಡಿಯನ್ನು ಮಗ ನಡೆಸಿಕೊಂಡು ಬಂದಿದ್ದ. ಅಖಾಡ ಅಂದರೆ ದೊಡ್ಡ ಸ್ಟೇಡಿಯಂ ಅಂದುಕೊಳ್ಳಬೇಡಿ. ಪೋರ್ಟ್‌ಲ್ಯಾಂಡ್ ಸ್ಪೋರ್ಟ್ಸ್ ಅರೇನಾ ಅನ್ನೋದು ಮೊದಲು ಬೌಲಿಂಗ್ ಆಟದ ಕಟ್ಟಡ! ತಗ್ಗು ಮಾಡು, ರಿಂಗಿಗೆ ಹೊಂದಿಕೊಂಡೇ ಕುರ್ಚಿಗಳು. ಶನಿವಾರ ಬಂತು ಅಂದರೆ ಅಲ್ಲಿ ಕುಸ್ತಿ, ಕೆ.ಪಿ.ಟಿ.ವಿ. ಹನ್ನೆರಡನೇ ಚಾನೆಲ್ಲಿನಲ್ಲಿ ಊರಿಗೆಲ್ಲ ಅದರ ಪ್ರಸಾರ. ಉಳಿದ ದಿನ ಸೇಲಂ, ಯೂಜೀನ್, ಹೀಗೆ ಸುತ್ತಾಟ. (ಸೇಲಂ ಅಂದರೆ ನಮ್ಮ ಪಕ್ಕದ ಸೇಲಂ ಅಲ್ಲ ಮಾರಾಯ್ರೆ, ಅವರಲ್ಲೂ ಒಂದಿದೆ.)

ಈಗ ಒಂದು ಲೆಕ್ಕ ಹಾಕಿ. ಸಣ್ಣ ಊರು, ಸಣ್ಣ ಹಾಲು. ವಾರವಾರ ಅದೇ ಜನ, ಅದೇ ಕುರ್ಚಿ. ಬೇರೆ ವಿಲನ್ನು ಆರು ತಿಂಗಳಿಗೆ ಹಳಸಿಹೋಗುತ್ತಿದ್ದ ಕಡೆ ಈ ಪುಣ್ಯಾತ್ಮ 1976ರಿಂದ 1983ರವರೆಗೆ, ನಡುವೆ ಅಲ್ಲಿ ಇಲ್ಲಿ ಹೋಗಿಬಂದು, ಅದೇ ಜನರ ಕೈಲಿ ಬೈಸಿಕೊಂಡು ಬಾಳಿದ! ಆ ಏರಿಯಾದ ಪೆಸಿಫಿಕ್ ನಾರ್ತ್‌ವೆಸ್ಟ್ ಪಟ್ಟ 8 ಸಲ ಅವನ ಸೊಂಟ ಏರಿತು. ಜೋಡಿ ಕುಸ್ತಿಯ ಪಟ್ಟದ ಲೆಕ್ಕ ಬೇರೆ. ಒಂದೇ ಥಿಯೇಟರಿನಲ್ಲಿ ಏಳು ವರ್ಷ ಒಬ್ಬನೇ ವಿಲನ್ನಿನ ಚಿತ್ರ ಓಡಿದ ಹಾಗೆ. ಪ್ರತಿ ಶನಿವಾರ ಹೊಸದಾಗಿ ಸಿಟ್ಟು ಹುಟ್ಟಿಸಬೇಕು, ಹಳೇ ಮೋಸ ಮಾಡಿದರೆ ಜನ ಆಕಳಿಸುತ್ತಾರೆ. ಇದು ಹುಡುಗಾಟವೇ?

ಹೇಗೆ ಮಾಡುತ್ತಿದ್ದ ಅಂತ ನೋಡೋಣ. ನಾನು ರಾತ್ರಿ ಎರಡು ಗಂಟೆವರೆಗೆ ಕೂತು ನೋಡಿದ್ದು ಇದನ್ನೇ.

ಅವನ ಮೈ ನೋಡಿ. ಕಡೆದಿಟ್ಟ ಮೈಕಟ್ಟೇನಲ್ಲ. ತೋಳಿನಲ್ಲಿ ಗಂಟಿಲ್ಲ, ಸೊಂಟದಲ್ಲಿ ಎರಡು ಮಡಿಕೆ. ಬೇಕರಿ ಗಲ್ಲಾದ ಮೇಲೆ ಕೂತ ಸಾಹುಕಾರರ ಹಾಗೆ ಇದ್ದಾನೆ. ಆದರೆ ನಡಿಗೆ? ಅಬ್ಬಬ್ಬಾ! ಊರಿನ ಹೆಣ್ಣುಮಕ್ಕಳೆಲ್ಲ ತನ್ನನ್ನು ನೋಡೋಕೇ ಟಿಕೆಟ್ಟು ತಗೊಂಡಿದ್ದಾರೆ ಅನ್ನೋ ನಡಿಗೆ. ಜನಕ್ಕೆ ಮೊದಲು ಉರಿಯೋದು ಅಲ್ಲೇ. ಆಮೇಲೆ ಅವನು ರಿಂಗಿನ ನಡುವೆ ಅಂಗಾತ ಮಲಗಿ, ಕೈ ಊರದೆ ಚಂಗನೆ ಎದ್ದು ನಿಲ್ಲುತ್ತಾನೆ. ಒಂದೇ ಕೈಯಲ್ಲಿ ದಂಡ ಹೊಡೆಯುತ್ತಾನೆ. ಇದು ಉರಿಯ ಮೇಲೆ ತುಪ್ಪ. ಯಾಕೆ ಗೊತ್ತೇ? ಅವನ ಜಂಬ ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈ ಹೊಟ್ಟೆ ಇಟ್ಟುಕೊಂಡು ಇವನಿಗೆ ಅದು ನಿಜವಾಗಿಯೂ ಆಗುತ್ತದಲ್ಲ, ಅದಕ್ಕೇ ಸಂಕಟ!

ಮುಂದೆ ವಯಸ್ಸಾಗಿ ಮೈ ಇನ್ನೂ ಬಂದಾಗ ಇದನ್ನೇ ಇನ್ನೊಂದು ಆಟ ಮಾಡಿಕೊಂಡ. ಅನೌನ್ಸ್ ಮಾಡುವವನು ಇವನ ತೂಕ ಮುನ್ನೂರು ಪೌಂಡಿನ ಮೇಲೆ ಹೇಳುತ್ತಿದ್ದ. ಇವನು ಸಿಡಿಮಿಡಿಗೊಂಡು, ನನ್ನ ತೂಕ 217 ಪೌಂಡು ಅಂತ ವಾದಕ್ಕೆ ನಿಲ್ಲುತ್ತಿದ್ದ. ನಮ್ಮ ಲೆಕ್ಕದಲ್ಲಿ 98 ಕಿಲೋ. ಕಣ್ಣೆದುರಿಗೇ ಇರುವ ಹೊಟ್ಟೆಯನ್ನು ಇಲ್ಲ ಅನ್ನುವ ಧೈರ್ಯ ನೋಡಿ!

ಕುಸ್ತಿ ಶುರು. ಅಲ್ಲಿ ದೊಡ್ಡ ಪಂದ್ಯ ಅಂದರೆ ಮೂರರಲ್ಲಿ ಎರಡು ಚಿತ್ ಆಗಬೇಕು. ಮೊದಲ ಸುತ್ತಿನಲ್ಲಿ ಹೀರೋ ಕೈ ಮೇಲು. ಒಂದು ಗುದ್ದಿಗೆ ಬಡ್ಡಿ ಹಿಮ್ಮುಖವಾಗಿ ಹೋಗಿ ಮೂಲೆಯ ಕಂಬಕ್ಕೆ ಅಪ್ಪಳಿಸುತ್ತಾನೆ, ಕಾಲು ಮೇಲಾಗಿ ಹಗ್ಗದ ಆಚೆಗೆ ಉರುಳುತ್ತಾನೆ. ಎದ್ದು ಬಂದು ಮಂಡಿಯೂರಿ ಕೈಮುಗಿಯುತ್ತಾನೆ. ಬೇಡಣ್ಣ, ತಪ್ಪಾಯ್ತಣ್ಣ! ಜನಕ್ಕೆ ಸಂತೋಷವೋ ಸಂತೋಷ. ಹೀರೋ ಜನರ ಕಡೆ ತಿರುಗಿ ಕೈ ಎತ್ತುವ ಆ ಒಂದು ಕ್ಷಣದಲ್ಲಿ ಮುಗಿದಿದ್ದ ಕೈ ಮುಷ್ಟಿಯಾಗುತ್ತದೆ. ಇಡೀ ಹಾಲು 'ಹಿಂದೆ ನೋಡೋ!' ಅಂತ ಅರಚುತ್ತದೆ. ತಡವಾಗಿಹೋಗಿರುತ್ತದೆ. ಎರಡನೇ ಸುತ್ತು ಮೋಸದ್ದು. ರೆಫರಿ ನೋಡುವಾಗ ಸಾಧು, ತಿರುಗಿದರೆ ಕಟುಕ. ಮೂರನೇ ಸುತ್ತಿಗೆ ಬರುವ ಹೊತ್ತಿಗೆ ಮುದುಕಿಯರೂ ಕುರ್ಚಿಯಿಂದ ಎದ್ದಿರುತ್ತಾರೆ.

'ಅದೆಲ್ಲ ಮೊದಲೇ ನಿಗದಿ ಮಾಡಿದ್ದು ಸಾರ್' ಅಂತೀರಾ? ಹೌದು, ನಿಗದಿ ಮಾಡಿದ್ದೇ. ಸಿನಿಮಾದಲ್ಲಿ ಗೆಲ್ಲೋದು ಯಾರು ಅಂತ ನಿಮಗೆ ಗೊತ್ತಿರೋದಿಲ್ಲವೇ? ಆದರೆ ಸಿನಿಮಾದಲ್ಲಿ ಫೈಟ್ ಮಾಸ್ಟರು ಇದ್ದಾರೆ, ಡ್ಯೂಪು ಇದ್ದಾನೆ, ಸರಿಯಾಗದಿದ್ದರೆ ಇನ್ನೊಂದು ಟೇಕು. ಇಲ್ಲಿ ಟೇಕೂ ಒಂದೇ, ಬೆನ್ನೂ ಒಂದೇ. ಹಲಗೆಯ ಮೇಲೆ ಬೆನ್ನು ಬಡಿದರೆ ಬಡಿದದ್ದೇ. ಬೀಳುವುದಕ್ಕೆ ಅವರ ಕಸುಬಿನಲ್ಲಿ 'ಬಂಪ್' ಅಂತಾರೆ. ಬಡ್ಡಿ ರೋಸ್ ವಾರಕ್ಕೆ ಎಷ್ಟು ಸಂಜೆ ಬೀಳುತ್ತಿದ್ದನೋ, ಸೇಲಮ್ಮಿನಲ್ಲಿ ನೂರಾರು ಜನರೆದುರೂ ಟೀವಿ ಕ್ಯಾಮೆರಾ ಮುಂದೆ ಬಿದ್ದಷ್ಟೇ ಶ್ರದ್ಧೆಯಿಂದ ಬೀಳುತ್ತಿದ್ದ ಅಂತ ನೋಡಿದವರು ಹೇಳುತ್ತಾರೆ. ಇನ್ನೊಂದು ಮಾತು. ಅವನು ಬಿದ್ದಾಗ ಕಣ್ಣು ಅವನ ಮೇಲೆ ಹೋಗೋದಿಲ್ಲ. ಹೊಡೆದವನ ಮೇಲೆ ಹೋಗುತ್ತದೆ. 'ಏನು ಏಟು ಕೊಟ್ಟ ನೋಡೋ!' ಅಂತೀವಿ. ಏಟಿಗೆ ಬೆಲೆ ಕಟ್ಟಿದವನು ತಿಂದವನು, ಹೆಸರು ಬಂದದ್ದು ಕೊಟ್ಟವನಿಗೆ. ನಮ್ಮ ಟೈಗರ್ ಪ್ರಭಾಕರ್ ಕೂಡ ಹೀರೋ ಆಗುವ ಮೊದಲು ಎಷ್ಟು ಜನರ ಕೈಲಿ ಒದೆ ತಿಂದು ಅವರನ್ನು ಶೂರರನ್ನಾಗಿ ಮಾಡಿದರು, ಲೆಕ್ಕ ಇಟ್ಟವರಿದ್ದಾರೆಯೇ? ದಾರಾ ಸಿಂಗ್ ಹೆಸರು ಮಕ್ಕಳಿಗೂ ಗೊತ್ತು. ಎದುರಿಗೆ ಗುಡ್ಡದ ಹಾಗೆ ನಿಂತು ಆ ಹೆಸರನ್ನು ಬೆಳೆಸಿದ ಕಿಂಗ್ ಕಾಂಗ್‌ನ ನಿಜ ಹೆಸರು ಎಮಿಲ್ ಚಾಯಾ ಅಂತ ಎಷ್ಟು ಜನಕ್ಕೆ ಗೊತ್ತು?

ಇರಲಿ, ಪೋರ್ಟ್‌ಲ್ಯಾಂಡಿಗೆ ಬರೋಣ. ಬಡ್ಡಿಯ ಏಟು ತಿಂದು, ಬಡ್ಡಿಗೆ ಏಟು ಕೊಟ್ಟು ಅಲ್ಲಿಂದ ಮೇಲೆದ್ದವರ ಪಟ್ಟಿ ಕೇಳಿದರೆ ತಲೆ ತಿರುಗುತ್ತದೆ. ರಿಕ್ ಮಾರ್ಟೆಲ್ 1980ರಲ್ಲಿ ಆ ಊರಿನ ಮುದ್ದಿನ ಹೀರೋ. 1984ರಲ್ಲಿ ಅವನು ಎ.ಡಬ್ಲ್ಯು.ಎ. ಕಂಪನಿಯ ವಿಶ್ವ ಚಾಂಪಿಯನ್. ಮುಂದೆ 'ಮಿಸ್ಟರ್ ಪರ್ಫೆಕ್ಟ್' ಅಂತ ಮೆರೆದ ಕರ್ಟ್ ಹೆನಿಗ್ ಮೀಸೆ ಚಿಗುರುವ ವಯಸ್ಸಿನಲ್ಲಿ ಅದೇ ಹಾಲಿನಲ್ಲಿ ಪಾಠ ಕಲಿತವನು. ಜೋಡಿಯಾಗಿ ಬಡ್ಡಿಯ ಪಕ್ಕದಲ್ಲಿ ನಿಂತವರಲ್ಲಿ ಎಡ್ ವಿಸ್ಕೋಸ್ಕಿ ಇದ್ದ. ಜೆಸ್ಸಿ ವೆಂಚುರಾ ಇದ್ದ. ವೆಂಚುರಾ ಯಾರು ಅಂತ ಸಿನಿಮಾ ಮಂದಿಗೆ ನಾನು ಹೇಳಬೇಕೇ? 1987ರ 'ಪ್ರಿಡೇಟರ್' ಚಿತ್ರದಲ್ಲಿ ಅರ್ನಾಲ್ಡ್ ಜೊತೆ ಕಾಡಿಗೆ ಇಳಿದು ದೊಡ್ಡ ಬಂದೂಕು ಹಿಡಿದವನೇ ಅವನು. ಆಮೇಲೆ 1999ರಿಂದ 2003ರವರೆಗೆ ಮಿನೆಸೋಟಾ ರಾಜ್ಯಕ್ಕೆ ಗವರ್ನರ್ ಆಗಿ ಕೂತ!

ಎಲ್ಲರಿಗಿಂತ ಮುಖ್ಯ ರಾಡಿ ಪೈಪರ್. ಸ್ಕಾಟ್ಲೆಂಡಿನವರ ಲಂಗ ತೊಟ್ಟು ಬರುತ್ತಿದ್ದ ಕೆನಡಾದ ಹುಡುಗ. ಬಡ್ಡಿಗಿಂತ ಸುಮಾರು ಒಂದೂವರೆ ವರ್ಷ ಚಿಕ್ಕವನು. ಬರುವಾಗ ಅವನೂ ಹಿಮ್ಮಡಿ ಜಾತಿಯೇ. ಆದರೆ ಬಡ್ಡಿಗೂ ಅವನಿಗೂ ಜಗಳ ಹತ್ತಿದ ಮೇಲೆ ಊರು ಪೈಪರನ ಕಡೆ ವಾಲಿತು. ಎರಡು ವಿಲನ್ನುಗಳು ಎದುರುಬದುರಾದಾಗ ಜನ ಯಾರಿಗೆ ಜೈ ಅಂದರು ನೋಡಿ! ಬಡ್ಡಿ ಅಷ್ಟು ಚೆನ್ನಾಗಿ ಕೆಟ್ಟವನಾಗಿದ್ದ. 1979ರ ಸುಮಾರಿನ ಆ ಟೇಪುಗಳಲ್ಲಿ ಇಬ್ಬರೂ ಇಪ್ಪತ್ತೈದರ ಆಸುಪಾಸಿನವರು. ಇಬ್ಬರಿಗೂ ಮೈಕು ಕೊಟ್ಟರೆ ಸಾಕು. ಪೈಪರ್ ಬೆಂಕಿಯ ಹಾಗೆ ಮಾತಾಡ್ತಾನೆ, ಬಡ್ಡಿ ಬೆಣ್ಣೆಯ ಹಾಗೆ. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಅಂತ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ.

1982ರಲ್ಲಿ ಬಡ್ಡಿ ನ್ಯೂಯಾರ್ಕ್ ಕಡೆಯ ಕಂಪನಿಗೆ ಹೋಗಿ ಅಲ್ಲಿನ ಚಾಂಪಿಯನ್ ಬಾಬ್ ಬ್ಯಾಕ್ಲಂಡ್ ಎದುರು ಸೆಣಸಿದ. ಒಳ್ಳೆ ಅವಕಾಶವೇ. ಆದರೆ ಅದೇ ಹೊತ್ತಿಗೆ ಆ ಕಂಪನಿ ಅಪ್ಪನ ಕೈಯಿಂದ ಮಗ ವಿನ್ಸ್ ಮೆಕ್‌ಮಹನ್ ಕೈಗೆ ಬಂತು. ಮಗನಿಗೆ ಏರಿಯಾ ಗೀರಿಯಾ ಲೆಕ್ಕಕ್ಕೆ ಬರಲಿಲ್ಲ. ಕೇಬಲ್ ಟೀವಿ ಹಿಡಿದು ಎಲ್ಲರ ಏರಿಯಾಕ್ಕೂ ನುಗ್ಗಿದ, ಅಲ್ಲಲ್ಲಿನ ಹೀರೋಗಳನ್ನು ದುಡ್ಡು ಕೊಟ್ಟು ಎತ್ತಿಕೊಂಡ. ಅವನಿಗೆ ಬೇಕಾದದ್ದು ಪೋಸ್ಟರಿಗೆ ಒಪ್ಪುವ ಮೈ. ಹಲ್ಕ್ ಹೋಗನ್ ಥರದ ಮೈ. ಹೊಟ್ಟೆ ಇದ್ದವನ ಕಸುಬು ಪೋಸ್ಟರಿನಲ್ಲಿ ಕಾಣುತ್ತದೆಯೇ?

ಈಗ ನಾನು ಹೇಳಹೊರಟ ಆ ರಾತ್ರಿಗೆ ಬಂದೆ. 1985, ಮಾರ್ಚ್ 31. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮೊಟ್ಟಮೊದಲ 'ರೆಸಲ್‌ಮೇನಿಯಾ'. ಹೊರಗಿನ ರೆಫರಿಯಾಗಿ ಬಂದವನು ಸಾಕ್ಷಾತ್ ಮಹಮ್ಮದ್ ಅಲಿ! ಕೊನೆಯ ಪಂದ್ಯದಲ್ಲಿ ಒಂದು ಕಡೆ ಹೋಗನ್ ಮತ್ತು ಟೀವಿ-ಸಿನಿಮಾ ನಟ ಮಿಸ್ಟರ್ ಟಿ. ಎದುರು ಕಡೆ ಪಾಲ್ ಆರ್ನ್‌ಡಾರ್ಫ್, ಮತ್ತು ಯಾರು ಹೇಳಿ? ರಾಡಿ ಪೈಪರ್. ಪೋರ್ಟ್‌ಲ್ಯಾಂಡಿನ ಪೈಪರ್ ಈಗ ಅಮೆರಿಕಕ್ಕೇ ನಂಬರ್ ಒನ್ ವಿಲನ್. ಪಕ್ಕದಲ್ಲಿ ಮೈಕು ಹಿಡಿದು ವೀಕ್ಷಕ ವಿವರಣೆಗೆ ಕೂತವರಿಬ್ಬರಲ್ಲಿ ಒಬ್ಬ ಜೆಸ್ಸಿ ವೆಂಚುರಾ. ಪೋರ್ಟ್‌ಲ್ಯಾಂಡಿನ ವೆಂಚುರಾ!

ಮತ್ತು ಮೊದಲ ಪಂದ್ಯ. ಜನಪ್ರಿಯ ಹೀರೋ ಟಿಟೋ ಸಂಟಾನಾ ಎದುರು 'ದಿ ಎಕ್ಸಿಕ್ಯೂಷನರ್' ಅನ್ನೋ ಒಬ್ಬ. ಗಲ್ಲಿಗೇರಿಸುವವನು ಅಂತ ಅರ್ಥ. ತಲೆಯಿಂದ ಕುತ್ತಿಗೆವರೆಗೆ ಮುಸುಕು. ಸಂಟಾನಾನ ಕಾಲು ಮುರೀತೀನಿ ಅಂತ ಮೊದಲೇ ಸಾರಿಕೊಂಡು ಬಂದವನು, ಐದು ನಿಮಿಷದ ಒಳಗೇ ತನ್ನ ಕಾಲು ಸಂಟಾನಾನ 'ಫಿಗರ್ ಫೋರ್' ಪಟ್ಟಿಗೆ ಸಿಕ್ಕಿ ಸೋಲೊಪ್ಪಿಕೊಂಡ. ರೆಸಲ್‌ಮೇನಿಯಾ ಅನ್ನೋ ಚರಿತ್ರೆಯಲ್ಲೇ ಮೊಟ್ಟಮೊದಲು ಸೋತವನು ಅವನು.

ಮುಸುಕಿನೊಳಗೆ ಇದ್ದವನು ಬಡ್ಡಿ ರೋಸ್. ಆಗ ಅವನಿಗೆ 32 ವರ್ಷ.

ಪೇಪರಿನಲ್ಲಿ ಬರೆಯುವಾಗ ಇದು ಎರಡು ಸಾಲು. ನನಗೆ ಗೊತ್ತಾದ ದಿನ ಊಟ ಸೇರಲಿಲ್ಲ ಅಂದರೆ ನೀವು ನಗಬಹುದು. ಮುಖವೇ ಬಂಡವಾಳವಾಗಿದ್ದವನು ಸ್ವಾಮಿ! ಹುಬ್ಬು ಹಾರಿಸಿ ಸಾವಿರ ಜನರನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದವನ ಮುಖಕ್ಕೆ ಬಟ್ಟೆ ಹೊಲಿದು ಕಳಿಸಿದರಲ್ಲ. ವಜ್ರಮುನಿಯವರನ್ನು ಕರೆದು ಬುರುಖಾ ತೊಡಿಸಿ, ಡೈಲಾಗು ಇಲ್ಲ, ಮೊದಲ ರೀಲಿನಲ್ಲೇ ಸತ್ತುಬಿಡಿ ಅಂದ ಹಾಗೆ. ಹತ್ತೊಂಬತ್ತು ಸಾವಿರ ಜನ ಅಲ್ಲಿ ಕೂತಿದ್ದರು. ಹಳೆಯ ಜೊತೆಗಾರ ಮೈಕಿನ ಹತ್ತಿರ, ಹಳೆಯ ಎದುರಾಳಿ ಒಳಗಡೆ ಕೊನೆಯ ಪಂದ್ಯಕ್ಕೆ ತಯಾರಾಗ್ತಾ. ನಡುವೆ ಇವನು. ಅಸಲು ಕೊಟ್ಟವನಿಗೆ ಬಡ್ಡಿಯೂ ಸಿಗಲಿಲ್ಲ, ಹೆಸರು ಮಾತ್ರ ಬಡ್ಡಿ.

ಆದರೂ ಆ ಪಂದ್ಯ ಹುಡುಕಿ ನೋಡಿ, ಸಿಗುತ್ತದೆ. ಸಂಟಾನಾ ಹಾರಿ ಬಂದು ಮುಂಗೈ ಬೀಸಿದಾಗ ಮುಸುಕಿನವನು ಬೀಳುವ ಪರಿ ಗಮನಿಸಿ. ಯಾರೋ ಗೊತ್ತಿಲ್ಲದ ಮುಸುಕುಧಾರಿ ಅಂತ ಅರೆಮನಸ್ಸಿನಿಂದ ಬಿದ್ದಿಲ್ಲ. ಪೋರ್ಟ್‌ಲ್ಯಾಂಡಿನ ಬೌಲಿಂಗ್ ಹಾಲಿನಲ್ಲಿ ಬೀಳುತ್ತಿದ್ದ ಹಾಗೇ ಬಿದ್ದಿದ್ದಾನೆ. ಮುಖ ಮುಚ್ಚಬಹುದು, ಬೀಳುವ ರೀತಿಗೆ ಮುಸುಕು ಹಾಕೋಕಾಗುತ್ತದೆಯೇ? ವೆಂಚುರಾ ತನ್ನ ಪಾಡಿಗೆ ಮಾತಾಡುತ್ತಲೇ ಇದ್ದಾನೆ. ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಈ ವಾರ ಬೇರೆ ಯಾರ ಮೇಲಾದರೂ ಬರೀತಿದ್ದೆ. ಏಳು ವಾರ ಕಳೆಯಿತು. 1985ರ ಮೇ 21. ಡಾನ್ ಓವೆನ್ ತನ್ನ ಮನೆತನದ ಕುಸ್ತಿ ವ್ಯವಹಾರಕ್ಕೆ 60 ವರ್ಷ ತುಂಬಿತು ಅಂತ ಪೋರ್ಟ್‌ಲ್ಯಾಂಡಿನ ಮೆಮೋರಿಯಲ್ ಕೊಲಿಸಿಯಂನಲ್ಲಿ ದೊಡ್ಡ ಜಾತ್ರೆ ಮಾಡಿದ. ರಿಕ್ ಫ್ಲೇರ್ ಬಂದ, ಬೇರೆ ಬೇರೆ ಕಂಪನಿಯ ಘಟಾನುಘಟಿಗಳು ಬಂದರು. ಅಮೆರಿಕವನ್ನೇ ಗೆದ್ದ ರಾಡಿ ಪೈಪರ್ ಊರಿಗೆ ವಾಪಸ್ ಬಂದ. ಎದುರಿಗೆ ಯಾರನ್ನು ನಿಲ್ಲಿಸಬೇಕು ಅಂತ ಓವೆನ್ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬಡ್ಡಿ ರೋಸ್! ಮುಸುಕಿಲ್ಲ. ಹಳದಿ ಕೂದಲು, ಅದೇ ಹೊಟ್ಟೆ, ಅದೇ ಮುಖ. ಗೆದ್ದದ್ದು ಪೈಪರೇ, ಅದನ್ನೇನು ಕೇಳ್ತೀರಿ. ನ್ಯೂಯಾರ್ಕಿನಲ್ಲಿ ಪೈಪರನ ಮುಖ ಕಂಡರೆ ಬೊಬ್ಬೆ ಹೊಡೆಯುತ್ತಿದ್ದ ಕಾಲ ಅದು. ಈ ಊರಿನಲ್ಲಿ ಅವನು ಹೀರೋ. ಯಾಕೆಂದರೆ ಈ ಊರಿನಲ್ಲಿ ವಿಲನ್ನಿನ ಕುರ್ಚಿ ಖಾಲಿ ಇರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸ್ತೀನಿ. 1986ರಲ್ಲಿ ಎ.ಡಬ್ಲ್ಯು.ಎ.ಯಲ್ಲಿ ಡಗ್ ಸಾಮರ್ಸ್ ಜೊತೆ ಸೇರಿ ಬಡ್ಡಿ ವಿಶ್ವ ಜೋಡಿ ಪಟ್ಟ ಗೆದ್ದ. ಎದುರಿಗೆ ಬಂದವರು ಇಬ್ಬರು ಎಳೇ ಹುಡುಗರು, 'ಮಿಡ್‌ನೈಟ್ ರಾಕರ್ಸ್'. ಮೈಯೆಲ್ಲ ರಕ್ತ ಹರಿದ ಆ ಪಂದ್ಯಗಳನ್ನು ಅಭಿಮಾನಿಗಳು ಇನ್ನೂ ಮರೆತಿಲ್ಲ. ಕೊನೆಗೆ 1987ರ ಜನವರಿಯಲ್ಲಿ ಹುಡುಗರಿಗೆ ಪಟ್ಟ ಬಿಟ್ಟುಕೊಟ್ಟ. ಆ ಹುಡುಗರಲ್ಲಿ ಒಬ್ಬನ ಹೆಸರು ಶಾನ್ ಮೈಕೆಲ್ಸ್. ಹ್ಞಾ, ಅವನೇ! ನೀವು ಕೋಣೆಯಲ್ಲಿ ಪೋಸ್ಟರು ಅಂಟಿಸಿಕೊಂಡಿದ್ದ ಅದೇ ಶಾನ್ ಮೈಕೆಲ್ಸ್. ಆ ಪೋಸ್ಟರಿಗೆ ಗೋಂದು ಹಚ್ಚಿದವರಲ್ಲಿ ನಮ್ಮ ದಪ್ಪಣ್ಣನೂ ಒಬ್ಬ.

ಪೈಪರ್ 1988ರಲ್ಲಿ ಜಾನ್ ಕಾರ್ಪೆಂಟರ್ ನಿರ್ದೇಶನದ 'ದೇ ಲಿವ್' ಚಿತ್ರಕ್ಕೆ ಹೀರೋ ಆದ. ಅದರಲ್ಲಿ ಕೀತ್ ಡೇವಿಡ್ ಜೊತೆ ಒಂದು ಗಲ್ಲಿಯಲ್ಲಿ ಐದು ನಿಮಿಷಕ್ಕೂ ಮೀರಿ ನಡೆಯುವ ಹೊಡೆದಾಟ ಇದೆ. ಬರೀ ಒಂದು ಕಪ್ಪು ಕನ್ನಡಕ ಹಾಕಿಕೋ, ಹಾಕಿಕೊಳ್ಳಲ್ಲ ಅನ್ನೋ ಜಗಳಕ್ಕೆ! ನಮ್ಮ ಫೈಟ್ ಮಾಸ್ಟರುಗಳು ಕೂತು ನೋಡಬೇಕಾದ ಫೈಟು. ಅದರಲ್ಲಿ ಪೈಪರ್ ಸೋತಂತೆ ಮಾಡಿ ಮತ್ತೆ ಎರಗುವ ಲಯ ನೋಡುವಾಗೆಲ್ಲ ನನಗೆ ಶನಿವಾರದ ಆ ಹಳೆಯ ಹಾಲು ನೆನಪಾಗುತ್ತದೆ. ಇದು ನನ್ನ ಕಣ್ಣಿನ ಭ್ರಮೆಯೂ ಇರಬಹುದು, ಜಗಳಕ್ಕೆ ಬರಬೇಡಿ.

ಅದಾಗಿ ಎರಡು ವರ್ಷಕ್ಕೆ ಬಡ್ಡಿಗೆ ಸಿಕ್ಕಿದ್ದು ಆ ಪುಡಿಯ ಜಾಹೀರಾತು. ಟೀವಿಯಲ್ಲಿ ಬಂದವರು ಹೋದವರಿಗೆಲ್ಲ ಸೋಲುವ ಕೆಲಸ. ಆ ತುಣುಕನ್ನು ಈಗ ಮತ್ತೆ ಹಾಕಿಕೊಂಡು ನೋಡಿದೆ. ಈ ಸಲವೂ ನಗು ಬಂತು, ಸುಳ್ಳು ಯಾಕೆ ಹೇಳಲಿ? ಆದರೆ ಈ ಸಲ ಕಂಡದ್ದು ಅವನು ಫ್ಯಾನಿನ ಮುಂದೆ ಒಂದು ಚೂರೂ ನಾಚದೆ ನಿಂತಿರುವುದು. ಕಂಪನಿ ನಗಿಸು ಅಂದಿದೆ, ನಗಿಸ್ತಾ ಇದ್ದಾನೆ. ಕಣ್ಣಿನಲ್ಲಿ ಅದೇ ಹಳೇ ಪ್ಲೇಬಾಯ್ ಜಂಬ. 217 ಪೌಂಡಿನವನದ್ದು.

ಓವೆನ್ ಅಂಗಡಿ 1992ರಲ್ಲಿ ಬಾಗಿಲು ಹಾಕಿತು. ಬಡ್ಡಿ ಹಳೆಯ ಜೊತೆಗಾರ ವಿಸ್ಕೋಸ್ಕಿ ಜೊತೆ ಸೇರಿ ಅದೇ ಕಡೆ ಹುಡುಗರಿಗೆ ಕುಸ್ತಿ ಹೇಳಿಕೊಟ್ಟ. 2009ರ ಏಪ್ರಿಲ್ 28ರಂದು, ಪೋರ್ಟ್‌ಲ್ಯಾಂಡಿನಿಂದ ನದಿ ದಾಟಿದರೆ ಸಿಗುವ ವ್ಯಾಂಕೂವರ್ ಅನ್ನೋ ಊರಿನಲ್ಲಿ ತೀರಿಕೊಂಡ. 56 ವರ್ಷ. ಪೈಪರ್ ಹೋದದ್ದು 2015ರಲ್ಲಿ. ಹನ್ನೆರಡನೇ ಚಾನೆಲ್ಲಿನ ಆ ಶನಿವಾರಗಳನ್ನು ನೋಡಿ ಬೆಳೆದ ಹುಡುಗರೆಲ್ಲ ಈಗ ತಾತಂದಿರು. ಅವರ ಕುಸ್ತಿಯ ಮಾತು ಹೋಗನ್ನಿನಿಂದ ಶುರುವಾದರೂ ಬಡ್ಡಿ ರೋಸ್ ಹತ್ತಿರ ಬಂದು ನಿಲ್ಲುತ್ತದೆ. ಟೀವಿ ಪೆಟ್ಟಿಗೆಗೆ ಚಪ್ಪಲಿ ಎಸೆಯುವಷ್ಟು ಬೈದವರೇ ಈಗ ಅವನಂಥ ವಿಲನ್ ಇನ್ನೊಬ್ಬ ಬರಲಿಲ್ಲ ಅಂತಾರೆ.

ನನ್ನ ಗೆಳೆಯನ ಹತ್ತಿರ 1980ರ ಇನ್ನೊಂದು ಟೇಪು ಇದೆಯಂತೆ. ಮಾರ್ಟೆಲ್ ಜೊತೆಗಿನ ಪಂದ್ಯ, ಮೂರರಲ್ಲಿ ಎರಡು ಚಿತ್. ಈ ಭಾನುವಾರ ಬಾ ಅಂದಿದ್ದಾನೆ. ಹೋಗ್ತಾ ಇದ್ದೀನಿ, ಶಿಳ್ಳೆ ರೆಡಿ ಇಟ್ಟುಕೊಂಡು. ಮುಂದಿನ ವಾರ ಕಟ್ಟೆ ಮತ್ತೆ ನಮ್ಮ ಗಾಂಧಿನಗರದ ಮಹಾನುಭಾವರಿಗೇ. ತೂಗುದೀಪ ಶ್ರೀನಿವಾಸ್ ಬಗ್ಗೆ ಬರೆಯಿರಿ ಅಂತ ತಿಪಟೂರಿನ ಓದುಗರೊಬ್ಬರು ಮೂರು ಕಾಗದ ಹಾಕಿದ್ದಾರೆ. ನಾಲ್ಕನೆಯದು ಬೇಡ ಮಾರಾಯ್ರೆ, ಬರೀತೀನಿ!